ಹಿಂದಿನ ಸಾಲಿನಲ್ಲಿ ಕಲಿತದ್ದು

ಬೆಂಗಳೂರಿನ ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಕಡೆ ಫುಟ್‌ಬಾಲ್ ಆಡಿದವರು ಒಬ್ಬರೂ ಇಲ್ಲದ ಬೀದಿ ಸಿಗುವುದು ಕಷ್ಟ. ಗೌತಮಪುರದಲ್ಲಂತೂ ಪೆಲೆಯ ಪ್ರತಿಮೆಯೇ ಇದೆ. ಈ ಭಾಗದ ಹುಡುಗರಿಗೆ ನಾನೀಗ ಸಂಜೆ ಹೊತ್ತು ಆಟ ಹೇಳಿಕೊಡುತ್ತೇನೆ. ಹೊಸದಾಗಿ ಬಂದವನನ್ನು ಏನು ಆಡ್ತೀಯ ಅಂತ ಕೇಳಿದರೆ ‘ಸ್ಟ್ರೈಕರ್’ ಅನ್ನುತ್ತಾನೆ, ಇಲ್ಲವೇ ಹತ್ತನೇ ನಂಬರಿನ ಜರ್ಸಿ ಬೇಕು ಅನ್ನುತ್ತಾನೆ. ಯಾರೇ ಏನೇ ಅಂದರೂ ಹನ್ನೊಂದು ಜನರಲ್ಲಿ ಮೂವರೋ ನಾಲ್ವರೋ ಹಿಂದೆ ನಿಲ್ಲಲೇಬೇಕು. ಹಾಗೆ ಹಿಂದೆ ನಿಂತೇ ನಾನು ಬದುಕು ಕಟ್ಟಿಕೊಂಡೆ. ಮೊದಲು ರೈಟ್ ಬ್ಯಾಕ್, ಆಮೇಲೆ ಸ್ಟಾಪರ್. ಕಾರ್ಖಾನೆಯೊಂದರ ತಂಡ, ನಮ್ಮ ಸೂಪರ್ ಡಿವಿಷನ್ ಲೀಗ್, ಹೊರರಾಜ್ಯದ ಕ್ಲಬ್ಬುಗಳಲ್ಲಿ ಕೆಲವು ಸೀಸನ್. ದೇಶದ ಜರ್ಸಿ ಹಾಕುವ ಭಾಗ್ಯ ಬರಲಿಲ್ಲ. ಬರದೇ ಇದ್ದುದಕ್ಕೆ ಕಾರಣಗಳೂ ಈ ಪಾಠಗಳಲ್ಲೇ ಇವೆ. ಡಿಫೆಂಡರ್ ಆಗಲು ಹೊರಟ ಹುಡುಗರಿಗೆ, ಅವರ ಮನೆಯವರಿಗೆ ಇದರಿಂದ ಸ್ವಲ್ಪ ಉಪಯೋಗವಾದರೆ ಸಾಕು.

1. ಕಾಲು ಹಾಕುವ ಮುನ್ನ ನಿಲ್ಲುವುದನ್ನು ಕಲಿಯಿರಿ

ಚಿಕ್ಕವನಾಗಿದ್ದಾಗ ಸ್ಲೈಡ್ ಟ್ಯಾಕಲ್ ಅಂದರೆ ನನಗೆ ಪ್ರಾಣ. ಮಣ್ಣಿನ ಮೈದಾನದಲ್ಲಿ ಜಾರಿ ಬಂದು ಚೆಂಡನ್ನು ಲೈನಿನಾಚೆ ಒದ್ದರೆ ಸುತ್ತ ನಿಂತವರು ಕೇಕೆ ಹಾಕುತ್ತಿದ್ದರು. ತೊಡೆಯ ಚರ್ಮ ಕಿತ್ತು ಬಂದರೆ ಅದೂ ಹೆಮ್ಮೆಯೇ. ಸೂಪರ್ ಡಿವಿಷನ್ನಿಗೆ ಬಂದ ಹೊಸತರಲ್ಲಿ ಒಬ್ಬ ಹಳಬ ವಿಂಗರ್ ಎದುರು ಹೀಗೇ ಜಾರಿದೆ. ಅವರು ಒದೆಯುವ ಹಾಗೆ ಕಾಲೆತ್ತಿದರು, ಒದೆಯಲಿಲ್ಲ. ನಾನು ಅವರ ಮುಂದಿನಿಂದ ಜಾರಿಕೊಂಡು ಹೋದೆ, ಅವರು ಚೆಂಡನ್ನು ಒಳಕ್ಕೆ ಎಳೆದುಕೊಂಡು ಹೋದರು. ನಾನು ಎದ್ದು ತಿರುಗುವಷ್ಟರಲ್ಲಿ ಗೋಲು. ಅದೇ ಪಂದ್ಯದಲ್ಲಿ ಮತ್ತೊಮ್ಮೆ ಬಿದ್ದೆ, ಈ ಸಲ ಪೆನಾಲ್ಟಿ ಏರಿಯಾದ ಒಳಗೆ. ಚೆಂಡು ಸಿಗಲಿಲ್ಲ, ಅವರ ಕಾಲು ಸಿಕ್ಕಿತು.

ಕೋಚ್ ಬೈಯಲಿಲ್ಲ. ಮರುದಿನದ ಪ್ರಾಕ್ಟೀಸಿನಲ್ಲಿ ಒಂದು ಬಿಬ್ ಕೊಟ್ಟು, ಅದನ್ನು ಎರಡೂ ಕೈಯಲ್ಲಿ ಬೆನ್ನ ಹಿಂದೆ ಹಿಡಿದುಕೊಳ್ಳಲು ಹೇಳಿ ಫಾರ್ವರ್ಡ್‌ಗಳ ಎದುರು ನಿಲ್ಲಿಸಿದರು. ಚೆಂಡು ಕಸಿಯುವಂತಿಲ್ಲ, ನೆಲಕ್ಕೆ ಬೀಳುವಂತಿಲ್ಲ. ಎದುರಿನವನು ಗೋಲಿನ ಕಡೆ ತಿರುಗದಂತೆ ಲೈನಿನತ್ತ ಒತ್ತುತ್ತಾ ಹಿಂದೆ ಸರಿಯುವುದಷ್ಟೇ ಕೆಲಸ. ಜಾಕಿ ಮಾಡುವುದು ಅಂತ ನಾವು ಕರೆಯುವುದು ಇದನ್ನೇ. ಮೈ ಎದುರಿಗೆ ನೇರವಾಗಿ ಇರಬಾರದು, ಅರ್ಧ ತಿರುಗಿರಬೇಕು. ಮಂಡಿ ಬಗ್ಗಿರಬೇಕು, ಭಾರ ಮುಂಗಾಲಿನ ಮೇಲಿರಬೇಕು, ಹಿಮ್ಮಡಿ ಊರಿದರೆ ಕೆಟ್ಟಿರಿ. ನಡುವೆ ಒಂದೂವರೆ ತೋಳಿನಷ್ಟು ಅಂತರ. ಅದಕ್ಕಿಂತ ಹತ್ತಿರ ಹೋದರೆ ಪಕ್ಕದಿಂದ ದಾಟಿಬಿಡುತ್ತಾನೆ, ದೂರ ಉಳಿದರೆ ತಲೆಯೆತ್ತಿ ನೋಡಿ ಕ್ರಾಸ್ ಹಾಕುತ್ತಾನೆ. ಕಣ್ಣು ಚೆಂಡಿನ ಮೇಲೆ. ಒಳ್ಳೆಯ ವಿಂಗರ್‌ನ ಭುಜ, ಸೊಂಟ, ನೋಟ ಎಲ್ಲವೂ ಸುಳ್ಳು ಹೇಳುತ್ತವೆ, ಚೆಂಡು ಹೇಳುವುದಿಲ್ಲ. ಅವನ ಕಾಲಿನಿಂದ ಚೆಂಡು ಒಂದು ಗೇಣು ಹೆಚ್ಚು ಮುಂದೆ ಹೋಯಿತೋ, ಆಗ ಕಾಲು ಹಾಕಬೇಕು.

ಡಿಫೆಂಡರ್‌ನ ಕಸುಬು ಚೆಂಡು ಕಸಿಯುವುದು ಅಂತ ತುಂಬಾ ದಿನ ನಂಬಿದ್ದೆ. ನಿಜವಾದ ಕಸುಬು ಸಮಯ ಸಂಪಾದಿಸುವುದು. ಮೂರು ಸೆಕೆಂಡು ತಡೆದು ನಿಲ್ಲಿಸಿದರೆ ಹಾಫ್ ಹಿಂದಕ್ಕೆ ಓಡಿ ಬರುತ್ತಾನೆ, ಸ್ಟಾಪರ್ ಪಕ್ಕಕ್ಕೆ ಸರಿಯುತ್ತಾನೆ, ಕೀಪರ್ ಜಾಗ ಹಿಡಿಯುತ್ತಾನೆ. ಆಮೇಲೆ ಚೆಂಡು ಯಾರು ಕಸಿದರೇನು? ಇಟಲಿಯ ಎಸಿ ಮಿಲಾನ್ ಒಂದಕ್ಕೇ 902 ಪಂದ್ಯ ಆಡಿದ ಪಾವೊಲೊ ಮಾಲ್ದೀನಿಯ ಹಳೆಯ ಆಟ ಎಲ್ಲಾದರೂ ಸಿಕ್ಕರೆ ನೋಡಿ. ಅವರು ನೆಲಕ್ಕೆ ಬೀಳುವುದು ಎಷ್ಟು ಕಡಿಮೆ, ಬಿದ್ದಾಗ ಚೆಂಡು ಸಿಗುವುದು ಎಷ್ಟು ಖಚಿತ ಅನ್ನುವುದನ್ನು ಗಮನಿಸಿ.

2. ಬಾಯಿ ಬಿಡದವನು ಅರ್ಧ ಡಿಫೆಂಡರ್

ನಾನು ಮಾತು ಕಡಿಮೆಯ ಹುಡುಗ. ಸೀನಿಯರ್‌ಗಳ ಹೆಸರು ಹಿಡಿದು ಕೂಗುವುದು ಅಗೌರವ ಅಂತಲೂ ಅನ್ನಿಸುತ್ತಿತ್ತು. ಒಂದು ಲೀಗ್ ಪಂದ್ಯದಲ್ಲಿ ನಮ್ಮ ಲೆಫ್ಟ್ ಬ್ಯಾಕ್ ಬೆನ್ನ ಹಿಂದೆ ಎದುರಾಳಿ ಓಡಿ ಬರುತ್ತಿದ್ದುದನ್ನು ಮೊದಲಿನಿಂದ ಕೊನೆಯವರೆಗೂ ನೋಡಿದೆ. ‘ಅಣ್ಣಾ, ಹಿಂದೆ’ ಅಂದಿದ್ದರೆ ಮುಗಿದಿತ್ತು. ಅವರಿಗೆ ಗೊತ್ತಿರುತ್ತೆ ಬಿಡು ಅಂದುಕೊಂಡೆ. ಗೋಲಾಯಿತು. ಡ್ರೆಸ್ಸಿಂಗ್ ರೂಮಿನಲ್ಲಿ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: ‘ನೋಡಿದ್ಯಾ?’ ಹೌದು ಅಂದೆ. ಅವರು ಬೂಟಿನ ಲೇಸ್ ಬಿಚ್ಚುತ್ತಾ ಸುಮ್ಮನಾದರು. ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

ಬೆಂಗಳೂರಿನ ಮೈದಾನದಲ್ಲಿ ಕೂಗುವುದಕ್ಕೆ ಭಾಷೆಗೇನೂ ಕೊರತೆಯಿಲ್ಲ. ಒಬ್ಬನಿಗೆ ‘ಹಿಂದೆ’, ಇನ್ನೊಬ್ಬನಿಗೆ ‘ಪಿನ್ನಾಡಿ’, ಮತ್ತೊಬ್ಬನಿಗೆ ‘ಪೀಛೆ’, ಎಲ್ಲರಿಗೂ ‘ಮ್ಯಾನ್ ಆನ್’. ನಾಲ್ಕು ಭಾಷೆಯಲ್ಲಿ ಎಂಟೆಂಟು ಪದ ಬಂದರೆ ಸ್ಟಾಪರ್‌ನ ಸಂಸಾರ ನಡೆಯುತ್ತದೆ. ಆದರೆ ಕೂಗುವುದರಲ್ಲೂ ಒಂದು ಕ್ರಮವಿದೆ. ಮೊದಲು ಹೆಸರು, ಆಮೇಲೆ ಕೆಲಸ. ‘ಹುಷಾರು, ಹುಷಾರು’ ಅಂತ ಕೂಗಿದರೆ ಗಾಬರಿ ಹೆಚ್ಚುತ್ತದೆಯೇ ಹೊರತು ಯಾರಿಗೂ ಏನೂ ತಿಳಿಯುವುದಿಲ್ಲ. ‘ಎಡಕ್ಕೆ ಬಾ’, ‘ಬಿಡು’, ‘ಟೈಮ್ ಇದೆ’, ‘ನಂದು’ ಅನ್ನುವಂಥವು ಮಾಹಿತಿ. ಇವನ್ನೂ ಚೆಂಡು ಹೊರಡುವ ಮೊದಲೇ ಹೇಳಬೇಕು. ಚೆಂಡು ಗಾಳಿಯಲ್ಲಿರುವಾಗ ಹೇಳಿದ್ದು ಕೇಳಿಸಿದರೂ ಕಾಲು ಅಷ್ಟರೊಳಗೆ ತಿರುಗುವುದಿಲ್ಲ.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. ತವರಿನ ಪಂದ್ಯಗಳು ಅಶೋಕನಗರದ ಪುಟ್ಟ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ. ಅಷ್ಟು ಹತ್ತಿರ ಕೂತು ಜಾನ್ ಜಾನ್ಸನ್, ಕರ್ಟಿಸ್ ಒಸಾನೊ ಜೋಡಿಯನ್ನು ನೋಡುವುದು ನನ್ನಂಥವನಿಗೆ ಒಂದು ಶಾಲೆಯೇ ಆಗಿತ್ತು. ಎಲ್ಲರೂ ಚೆಂಡು ನೋಡುತ್ತಿದ್ದರು, ನಾನು ಅವರಿಬ್ಬರ ನಡುವಿನ ಅಂತರ ನೋಡುತ್ತಿದ್ದೆ.

3. ಆಫ್‌ಸೈಡ್ ಲೈನ್ ಒಬ್ಬನ ಸೊತ್ತಲ್ಲ

1925ರವರೆಗೆ ಫಾರ್ವರ್ಡ್‌ನ ಮುಂದೆ ಎದುರಾಳಿ ತಂಡದ ಮೂವರು ಇರಬೇಕಿತ್ತು, ಆ ವರ್ಷ ಅದು ಇಬ್ಬರಿಗೆ ಇಳಿಯಿತು. 1990ರಲ್ಲಿ ಸರಿಸಮ ನಿಂತವನೂ ಆನ್‌ಸೈಡ್ ಅಂತಾಯಿತು. ಎರಡೂ ಬದಲಾವಣೆ ಫಾರ್ವರ್ಡ್‌ಗೆ ಒಳ್ಳೆಯದನ್ನೇ ಮಾಡಿದವು, ಹಿಂದಿನವರ ಕೆಲಸ ಹೆಚ್ಚಿಸಿದವು. ಆಟ ನೋಡುವವರಿಗೂ ಅದರಿಂದ ಒಳ್ಳೆಯದೇ ಆಯಿತು, ದೂರು ಹೇಳುವ ಹಾಗಿಲ್ಲ.

ಲೈನ್ ಯಾವಾಗ ಮೇಲೆ ಹೋಗಬೇಕು, ಯಾವಾಗ ಕೆಳಗೆ ಬರಬೇಕು ಅನ್ನುವುದಕ್ಕೆ ಸುಳಿವುಗಳಿವೆ. ಚೆಂಡಿರುವವನು ತಲೆ ತಗ್ಗಿಸಿದ್ದರೆ, ಬೆನ್ನು ತಿರುಗಿಸಿದ್ದರೆ, ಹಿಂದಕ್ಕೆ ಪಾಸ್ ಕೊಟ್ಟರೆ ನಾಲ್ವರೂ ಒಟ್ಟಿಗೆ ಮುಂದೆ. ಅವನ ಮೇಲೆ ಯಾರೂ ಇಲ್ಲ, ತಲೆಯೆತ್ತಿ ನೋಡುತ್ತಿದ್ದಾನೆ ಅಂದರೆ ನಾಲ್ವರೂ ಹಿಂದೆ. ‘ಒಟ್ಟಿಗೆ’ ಅನ್ನುವುದರಲ್ಲೇ ಎಲ್ಲ ಕಷ್ಟ. ನಮ್ಮ ಕೋಚ್ ನಾಲ್ವರ ಸೊಂಟಕ್ಕೂ ಒಂದೇ ಹಗ್ಗ ಕಟ್ಟಿಸಿ ಇಡೀ ಸಂಜೆ ಓಡಾಡಿಸುತ್ತಿದ್ದರು. ಒಬ್ಬ ತಡ ಮಾಡಿದರೆ ಮೂವರಿಗೂ ಎಳೆತ ತಾಕುತ್ತಿತ್ತು.

ಅಷ್ಟೆಲ್ಲ ಕಲಿತರೂ ನನಗೊಂದು ಕೆಟ್ಟ ಚಟ ಉಳಿದಿತ್ತು: ಕೈ ಎತ್ತಿ ನಿಂತುಬಿಡುವುದು. ಹೊರರಾಜ್ಯದ ಒಂದು ಪಂದ್ಯದಲ್ಲಿ ಥ್ರೂ ಬಾಲ್ ಬಂತು, ನಾನು ಲೈನ್ಸ್‌ಮನ್ ಕಡೆ ನೋಡಿ ಕೈ ಎತ್ತಿದೆ. ಬಾವುಟ ಏಳಲಿಲ್ಲ. ನಮ್ಮ ರೈಟ್ ಬ್ಯಾಕ್ ಮೀನಖಂಡ ಹಿಡಿದುಕೊಂಡು ಹಿಂದೆಯೇ ಉಳಿದಿದ್ದ, ಅವನೇ ಎಲ್ಲರನ್ನೂ ಆನ್‌ಸೈಡ್ ಮಾಡಿದ್ದ. ನಾನು ತಿರುಗಿ ನೋಡಿರಲಿಲ್ಲ. ಕೈ ಎತ್ತಿದ ಆ ಒಂದು ಕ್ಷಣ ಓಡಿದ್ದರೂ ಫಾರ್ವರ್ಡ್‌ನ ಭುಜಕ್ಕೆ ಭುಜ ಕೊಡಬಹುದಿತ್ತು. ಮೇಲೆ ಹೋಗುವ ಮುನ್ನ ಎರಡೂ ಪಕ್ಕ ನೋಡಿ. ಸೀಟಿ ಬೀಳುವವರೆಗೆ ಆಡಿ. ತೀರ್ಪು ರೆಫರಿ ಕೊಡಲಿ.

4. ಎರಡನೇ ಕಾಲನ್ನೂ ಸಾಕಿಕೊಳ್ಳಿ

ನಾವು ಕಲಿತದ್ದು ‘ಬಂದದ್ದನ್ನು ಎತ್ತಿ ಒದಿ’ ಅನ್ನುವ ಕಾಲದ ಆಟ. ಅದಕ್ಕಿಂತ ಹಿಂದಿನವರಿಗೆ ಇನ್ನೂ ಒಂದು ಅನುಕೂಲವಿತ್ತು, ಕಷ್ಟ ಬಂದರೆ ಚೆಂಡನ್ನು ಕೀಪರ್ ಕೈಗೆ ಕೊಟ್ಟು ಉಸಿರು ಬಿಡಬಹುದಿತ್ತು. 1992ರಲ್ಲಿ ಆ ದಾರಿ ಮುಚ್ಚಿತು. ತನ್ನವರು ಬೇಕೆಂದೇ ಕಾಲಿನಿಂದ ಕೊಟ್ಟ ಪಾಸನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಅಂತಾಯಿತು. 2019ರಲ್ಲಿ ಗೋಲ್ ಕಿಕ್ ನಿಯಮವೂ ಬದಲಾಯಿತು. ಚೆಂಡು ಪೆನಾಲ್ಟಿ ಏರಿಯಾ ದಾಟಿ ಹೊರಗೆ ಬರಬೇಕಿಲ್ಲ, ಒಳಗೆ ನಿಂತ ಸ್ಟಾಪರ್ ಅಲ್ಲೇ ಪಾಸ್ ತೆಗೆದುಕೊಳ್ಳಬಹುದು. ಹೀಗಾಗಿ ಇವತ್ತು ಆಟ ಶುರುವಾಗುವುದೇ ಡಿಫೆಂಡರ್ ಕಾಲಿನಿಂದ.

ನನ್ನ ಎಡಗಾಲು ದುರ್ಬಲ. ಎದುರಾಳಿ ಕೋಚ್‌ಗಳು ಅದನ್ನು ಬೇಗ ಕಂಡುಕೊಂಡರು, ಬಲಗಾಲಿನ ಕಡೆಯಿಂದ ಒತ್ತಡ ಹಾಕಿಸಿದರೆ ಸಾಕಿತ್ತು, ಚೆಂಡು ಗ್ಯಾಲರಿಗೆ. ಸರಿ ಮಾಡಿಕೊಳ್ಳಲು ಗೋಡೆಗೆ ಒದೆಯಲು ಶುರು ಮಾಡಿದಾಗ ವಯಸ್ಸು ಆಗಿಹೋಗಿತ್ತು. ಸ್ವಲ್ಪ ಸುಧಾರಿಸಿತು, ಸಾಕಾಗುವಷ್ಟು ಆಗಲಿಲ್ಲ. ರಾಜ್ಯ ಕ್ಯಾಂಪಿನಿಂದ ಕೊನೆಯ ಹಂತದಲ್ಲಿ ನನ್ನನ್ನು ಬಿಟ್ಟದ್ದಕ್ಕೂ ಇದೇ ಕಾರಣ ಅಂತ ಆಮೇಲೆ ತಿಳಿಯಿತು, ಆ ನಿರ್ಧಾರ ಸರಿಯಾಗಿತ್ತು. ನಿಮ್ಮ ಮನೆ ಹುಡುಗನಿಗೆ ಹತ್ತು ವರ್ಷವಾಗಿದ್ದರೆ ಒಂದು ಗೋಡೆ ತೋರಿಸಿ, ಎರಡೂ ಕಾಲಲ್ಲಿ ಒದೆಯಲು ಹೇಳಿ. ಕಾಸು ಖರ್ಚಿಲ್ಲದ ತರಬೇತಿ ಅದು.

5. ಇರುವುದು ಒಂದೇ ತಲೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ ಅಂತ ಕೇಳಿಕೊಳ್ಳುತ್ತೇನೆ.

ಒಂದು ಕಾರ್ನರ್‌ನಲ್ಲಿ ನಾನೂ ಎದುರಾಳಿ ಸ್ಟಾಪರೂ ಒಂದೇ ಚೆಂಡಿಗೆ ಹಾರಿದೆವು. ತಲೆಗೆ ತಲೆ ಬಡಿಯಿತು. ನೆನಪಿರುವುದು ತಣ್ಣೀರಿನ ಸ್ಪಂಜು, ಯಾರೋ ಬೆರಳು ತೋರಿಸಿ ಎಷ್ಟು ಅಂತ ಕೇಳಿದ್ದು, ನಾನು ಸರಿಯಾಗೇ ಹೇಳಿದ್ದು. ಎದ್ದೆ, ಆಡಿದೆ. ಗ್ಯಾಲರಿ ಚಪ್ಪಾಳೆ ತಟ್ಟಿತಂತೆ. ಎರಡನೇ ಅರ್ಧ ನನಗೆ ಇವತ್ತಿಗೂ ನೆನಪಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಸ್ಕೋರ್ ಎಷ್ಟು ಅಂತ ಪದೇ ಪದೇ ಕೇಳುತ್ತಿದ್ದೆನಂತೆ. ಹುಡುಗರು ನಕ್ಕರು. ಅದು ನಗುವ ವಿಷಯವಲ್ಲ ಅಂತ ಹೇಳಲು ಆ ಬಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ.

2019ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು ಸ್ಕಾಟ್ಲೆಂಡಿನ ಸಾವಿರಾರು ಮಾಜಿ ವೃತ್ತಿಪರ ಆಟಗಾರರ ದಾಖಲೆ ಪರಿಶೀಲಿಸಿದರು. ಮರೆವಿನ ಕಾಯಿಲೆಯೂ ಸೇರಿದಂತೆ ಮೆದುಳು ಸವೆಯುವ ರೋಗಗಳಿಂದ ಅವರು ಸಾಯುವ ಪ್ರಮಾಣ ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಅಂತ ಕಂಡುಬಂತು. 2021ರಲ್ಲಿ ಅದೇ ತಂಡ ಯಾವ ಜಾಗದಲ್ಲಿ ಆಡಿದವರಿಗೆ ಅಪಾಯ ಎಷ್ಟು ಅಂತ ಬಿಡಿಸಿ ನೋಡಿತು. ಕೀಪರ್‌ಗಳಿಗೆ ಹೆಚ್ಚಿನ ಅಪಾಯ ಕಾಣಲಿಲ್ಲ. ಡಿಫೆಂಡರ್‌ಗಳಿಗೆ ಸುಮಾರು ಐದು ಪಟ್ಟು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ಹೆಡ್ ಮಾಡಲು ಕಲಿಸಿದವರು, ನನ್ನ ಜೊತೆ ಹೆಡ್ ಮಾಡಿದವರು, ನಾನೇ ಗಂಟೆಗಟ್ಟಲೆ ಹೆಡ್ ಮಾಡಿಸಿದ ಹುಡುಗರು, ಎಲ್ಲರ ಮುಖ ಕಣ್ಣ ಮುಂದೆ ಬಂತು.

1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಕಥೆ ನಮಗೆಲ್ಲ ಬಾಯಿಪಾಠ. ಭಾರತದ ದೊಡ್ಡ ಸ್ಟಾಪರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ತಿಂದು ಹೊಲಿಗೆ ಹಾಕಿಸಿಕೊಂಡರು. ಕೋಚ್ ರಹೀಂ ಸಾಹೇಬರು ಅವರನ್ನು ಫಾರ್ವರ್ಡ್ ಜಾಗದಲ್ಲಿ ಇಳಿಸಿದರು, ದಕ್ಷಿಣ ಕೊರಿಯಾ ಎದುರಿನ ಫೈನಲ್‌ನಲ್ಲಿ ಅವರು ಗೋಲು ಹೊಡೆದರು, ಭಾರತ 2-1ರಿಂದ ಚಿನ್ನ ಗೆದ್ದಿತು. ಜರ್ನೈಲ್ ಸಿಂಗ್ ಅಂದರೆ ನನಗೆ ಇವತ್ತಿಗೂ ದೇವರ ಸಮಾನ. ಆದರೆ ಹುಡುಗರಿಗೆ ಆ ಕಥೆ ಹೇಳುವಾಗ ಈಗ ಒಂದು ಮಾತು ಸೇರಿಸುತ್ತೇನೆ: ಆಗ ಮೆದುಳಿನ ಪೆಟ್ಟಿನ ಬಗ್ಗೆ ತಿಳಿದದ್ದು ಕಡಿಮೆ, ಈಗ ನಮಗೆ ಗೊತ್ತಿದೆ. ತಲೆಗೆ ಪೆಟ್ಟು ಬಿದ್ದು ಮಂಕಾದರೆ, ವಾಂತಿ ಬಂದರೆ, ನೆನಪು ತಪ್ಪಿದರೆ ಆ ದಿನ ಆಟ ಮುಗಿಯಿತು, ಡಾಕ್ಟರ್ ಹೇಳುವವರೆಗೆ ಮೈದಾನಕ್ಕೆ ಕಾಲಿಡುವಂತಿಲ್ಲ.

ಹತ್ತು ವರ್ಷದೊಳಗಿನ ಮಕ್ಕಳು ಹೆಡ್ ಮಾಡುವುದನ್ನು ಅಮೆರಿಕದಲ್ಲಿ 2015ರಲ್ಲೇ ನಿಲ್ಲಿಸಿದರು. 2020ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡುಗಳೂ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳ ತರಬೇತಿಯಿಂದ ಅದನ್ನು ತೆಗೆದವು. ನಮ್ಮ ಚಿಕ್ಕ ಮಕ್ಕಳಿಗೆ ನಾನು ಬಲೂನು ಕೊಡುತ್ತೇನೆ. ಕಣ್ಣು ತೆರೆದಿರಬೇಕು, ಹಣೆಯ ಮಧ್ಯಕ್ಕೆ ತಾಗಬೇಕು, ಕತ್ತು ಬಿಗಿಯಾಗಿರಬೇಕು, ಚೆಂಡು ನಮಗೆ ಹೊಡೆಯಬಾರದು, ನಾವು ಚೆಂಡಿಗೆ ಹೊಡೆಯಬೇಕು. ದೊಡ್ಡವರಿಗೂ ವಾರದಲ್ಲಿ ಸ್ವಲ್ಪವೇ ಹೆಡಿಂಗ್, ಕತ್ತಿನ ವ್ಯಾಯಾಮ ಮಾತ್ರ ತಪ್ಪದೆ.

6. ಕಾರ್ನರ್‌ಗೆ ಓಡುವ ಮೊದಲು ಹಿಂದೆ ಲೆಕ್ಕ ಹಾಕಿ

2019ರ ಮಾರ್ಚ್ 17ರಂದು ಮುಂಬೈಯಲ್ಲಿ ಬೆಂಗಳೂರು ಎಫ್‌ಸಿಗೆ ಐಎಸ್‌ಎಲ್ ಕಪ್ ತಂದುಕೊಟ್ಟದ್ದು ಒಬ್ಬ ಡಿಫೆಂಡರ್‌ನ ತಲೆ. ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಬಂದ ಕಾರ್ನರ್, ರಾಹುಲ್ ಭೇಕೆ ಹೆಡರ್, 1-0. ನಾವೂ ಕಾರ್ನರ್ ಸಿಕ್ಕಿದೊಡನೆ ಮುಂದೆ ಓಡುವವರೇ. ಹೋಗಿ, ಖಂಡಿತ ಹೋಗಿ. ಹೋಗುವ ಮುನ್ನ ಹಿಂದೆ ಉಳಿದವರು ಎಷ್ಟು, ಅವರಲ್ಲಿ ಓಡಬಲ್ಲವರು ಯಾರು ಅಂತ ಒಮ್ಮೆ ನೋಡಿ. ಇದಕ್ಕಿಂತ ಹೆಚ್ಚು ಹೇಳಲು ಏನಿಲ್ಲ.

7. ಗೋಲು ಬಿಟ್ಟ ಮೇಲಿನ ಹತ್ತು ನಿಮಿಷ

ಫಾರ್ವರ್ಡ್ ಐದು ಅವಕಾಶ ಹಾಳು ಮಾಡಿ ಆರನೆಯದರಲ್ಲಿ ಗೋಲು ಹೊಡೆದರೆ ಅವನೇ ಹೀರೊ. ಡಿಫೆಂಡರ್‌ಗೆ ಆ ಸೌಲಭ್ಯವಿಲ್ಲ. ಲೀಗಿನಿಂದ ಕೆಳಗಿಳಿಯುವ ಭಯದಲ್ಲಿ ಆಡುತ್ತಿದ್ದ ಒಂದು ಪಂದ್ಯದಲ್ಲಿ ಗೋಲಿನ ಮುಂದೆ ಅಡ್ಡ ಬಂದ ಕ್ರಾಸನ್ನು ಹೊರಗೆ ತಳ್ಳಲು ಹೋಗಿ ನಮ್ಮದೇ ನೆಟ್ಟಿಗೆ ಹಾಕಿದೆ. ಅದು ಯಾರಿಗಾದರೂ ಆಗಬಹುದಿತ್ತು. ನಾನು ಮಾಡಿದ ದೊಡ್ಡ ತಪ್ಪು ಆಮೇಲಿನದು. ಆ ಗೋಲನ್ನು ನಾನೇ ತೀರಿಸಬೇಕು ಅನ್ನುವ ಹಟದಲ್ಲಿ ಸಿಕ್ಕ ಚೆಂಡನ್ನೆಲ್ಲ ಹಿಡಿದು ಮುಂದೆ ನುಗ್ಗತೊಡಗಿದೆ. ನಾನು ಬಿಟ್ಟು ಬಂದ ಜಾಗದಿಂದಲೇ ಎರಡನೇ ಗೋಲು ಬಂತು. ಮೊದಲನೆಯದನ್ನು ತಂಡ ಕ್ಷಮಿಸಿತು, ಎರಡನೆಯದಕ್ಕೆ ನನ್ನನ್ನು ಕೆಲವು ಪಂದ್ಯ ಹೊರಗೆ ಕೂರಿಸಿದರು.

ತಪ್ಪಾದ ಮೇಲೆ ಹತ್ತು ನಿಮಿಷ ಅತಿ ಸುಲಭದ ಕೆಲಸ ಮಾತ್ರ ಮಾಡಿ. ಹತ್ತಿರದವನಿಗೆ ಪಾಸ್ ಕೊಡಿ, ಜಾಗ ಬಿಡಬೇಡಿ, ಮಾತು ನಿಲ್ಲಿಸಬೇಡಿ. ಪಕ್ಕದವನು ತಪ್ಪು ಮಾಡಿದ್ದರೆ ಮೊದಲ ಪಾಸ್ ಅವನಿಗೇ ಕೊಡಿ. ಅವನ ಮೇಲೆ ನಂಬಿಕೆ ಹೋಗಿಲ್ಲ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್‌ಗೆ 2-1ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು, ಭಾರತದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಆ ದಿನ ಭಾರತ ಎರಡು ಪೆನಾಲ್ಟಿ ಕಳೆದುಕೊಂಡಿತು, ಒಂದನ್ನು ತಪ್ಪಿಸಿದವರು ಫುಲ್ ಬ್ಯಾಕ್ ಶೈಲೇನ್ ಮನ್ನಾ. ಮೂರು ವರ್ಷದ ನಂತರ, 1951ರಲ್ಲಿ, ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದ ನಾಯಕರು ಅದೇ ಮನ್ನಾ. ಆಯ್ಕೆ ಮಾಡಿದವರು ಆ ಒಂದು ಒದೆತವನ್ನೇ ಹಿಡಿದು ಕೂತಿದ್ದರೆ?

ಇನ್ನೊಂದು ಕಥೆಯನ್ನೂ ಹೇಳಲೇಬೇಕು. 1994ರ ವಿಶ್ವಕಪ್‌ನಲ್ಲಿ ಕೊಲಂಬಿಯಾದ ಸ್ಟಾಪರ್ ಆಂದ್ರೆಸ್ ಎಸ್ಕೊಬಾರ್ ಅಮೆರಿಕದ ಎದುರು ಚಾಚಿದ ಕಾಲಿಗೆ ತಾಗಿ ಚೆಂಡು ಸ್ವಂತ ಗೋಲಿಗೆ ಹೋಯಿತು. ತಂಡ ಸೋತು ಮನೆಗೆ ಮರಳಿತು. ಜುಲೈ 2ರಂದು ಮೆಡೆಲಿನ್ ನಗರದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 27. ಗ್ಯಾಲರಿಯಲ್ಲಿ ಕೂತು ಹದಿನಾರರ ಹುಡುಗನ ಮೇಲೆ ಕೊಳಕು ಬೈಗುಳ ಎಸೆಯುವವರನ್ನು ಕಂಡಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

8. ವೇಗ ಹೋಗುತ್ತದೆ, ಅದಕ್ಕೆ ಮೊದಲೇ ಸಿದ್ಧರಾಗಿ

ಮೂವತ್ತು ಹತ್ತಿರವಾದಾಗ ಮೊದಲು ಗೊತ್ತಾಗುವುದು ಓಟದಲ್ಲಲ್ಲ, ತಿರುಗುವುದರಲ್ಲಿ. ಬಲಕ್ಕೆ ತಿರುಗಲು ಅರ್ಧ ಹೆಜ್ಜೆ ಹೆಚ್ಚು ಬೇಕಾಗುತ್ತದೆ. ನಾನು ಇದನ್ನು ಒಪ್ಪಿಕೊಳ್ಳದೆ ಒಂದು ಸೀಸನ್ ಹಾಳು ಮಾಡಿಕೊಂಡೆ. ಆಮೇಲೆ ರೈಟ್ ಬ್ಯಾಕ್ ಬಿಟ್ಟು ಸ್ಟಾಪರ್ ಆದೆ, ಎರಡು ಹೆಜ್ಜೆ ಹಿಂದೆ ನಿಲ್ಲುವುದನ್ನು ಕಲಿತೆ, ಚೆಂಡು ಬರುವ ಮೊದಲು ಎರಡೂ ಭುಜದ ಮೇಲಿಂದ ಹಿಂದೆ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ಮೊದಲೇ ಹೊರಟವನನ್ನು ವೇಗದವನು ಹಿಂದೆ ಹಾಕುವುದು ಅಷ್ಟು ಸುಲಭವಲ್ಲ.

ಎತ್ತರದ ಚಿಂತೆ ಮಾಡುವ ಹುಡುಗರೂ ಬಹಳ. 2006ರಲ್ಲಿ ಇಟಲಿಗೆ ವಿಶ್ವಕಪ್ ತಂದ ನಾಯಕ ಫಾಬಿಯೊ ಕನ್ನವಾರೊ ಸ್ಟಾಪರ್, ಎತ್ತರ 1.76 ಮೀಟರ್. ಆ ವರ್ಷದ ಬ್ಯಾಲನ್ ಡಿ’ಓರ್ ಅವರಿಗೇ ಹೋಯಿತು. ಅವರಿಗೆ ಮುನ್ನ ಹಿಂದಿನ ಸಾಲಿನಿಂದ ಅದನ್ನು ಪಡೆದವರು ಜರ್ಮನಿಯ ಬೆಕೆನ್‌ಬೋವರ್ ಮತ್ತು ಸಾಮರ್ ಇಬ್ಬರೇ.

9. ಕಾಗದ ಓದಿ, ಕೆಲಸ ಬಿಡುವ ಮುನ್ನ ಎರಡು ಸಲ ಯೋಚಿಸಿ

ನಮ್ಮ ತಲೆಮಾರಿಗೆ ಫುಟ್‌ಬಾಲ್ ಅಂದರೆ ಕೆಲಸ. ಐಟಿಐ, ಎಚ್‌ಎಎಲ್, ಎಂಇಜಿ, ಎಎಸ್‌ಸಿ ತಂಡಗಳಲ್ಲಿ ಜಾಗ ಸಿಕ್ಕರೆ ಮನೆಗೊಂದು ಸಂಬಳ, ವಯಸ್ಸಾದ ಮೇಲೆ ಪಿಂಚಣಿ. ಮೊದಲು ಸ್ಟೈಪೆಂಡ್ ಮೇಲೆ ಆಡಿಸಿ ಆಮೇಲೆ ಕಾಯಂ ಮಾಡುತ್ತಿದ್ದರು. ಈಗ ಸ್ಪೋರ್ಟ್ಸ್ ಕೋಟಾ ನೇಮಕಾತಿ ಕುಗ್ಗಿದೆ, ಬದಲಿಗೆ ಕ್ಲಬ್ ಒಪ್ಪಂದಗಳು ಬಂದಿವೆ. ದುಡ್ಡು ಹೆಚ್ಚು, ಅವಧಿ ಕಡಿಮೆ.

ಹೊರರಾಜ್ಯದ ಕ್ಲಬ್ ಒಂದರ ಜೊತೆ ನಾನು ಸಹಿ ಹಾಕಿದ ಕಾಗದವನ್ನು ಪೂರ್ತಿ ಓದಿರಲಿಲ್ಲ. ಮಂಡಿಗೆ ಪೆಟ್ಟಾಗಿ ಮೆನಿಸ್ಕಸ್ ಹರಿದಾಗಲೇ ಗೊತ್ತಾದದ್ದು, ಗಾಯದ ಸಮಯದ ಸಂಬಳದ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ ಅಂತ. ಆಪರೇಷನ್ ಖರ್ಚಿಗೆ ಹೆಂಡತಿಯ ಬಳೆ ಅಡವಿಟ್ಟೆವು. ಕಾರ್ಖಾನೆ ಕೆಲಸಕ್ಕೆ ರಜೆ ಹಾಕಿ ಹೋಗಿದ್ದೆ, ರಾಜೀನಾಮೆ ಕೊಟ್ಟಿರಲಿಲ್ಲ. ಹಾಗಾಗಿ ಬದುಕಿಕೊಂಡೆ. ನನ್ನ ಜೊತೆಗಿದ್ದ ಕೆಲವರು ಕೆಲಸ ಬಿಟ್ಟೇ ಹೋಗಿದ್ದರು.

ಒಪ್ಪಂದದಲ್ಲಿ ಇಷ್ಟನ್ನಾದರೂ ಹುಡುಕಿ: ಗಾಯವಾದರೆ ಚಿಕಿತ್ಸೆ ಯಾರದು, ಆ ತಿಂಗಳುಗಳ ಸಂಬಳ ಬರುತ್ತದೆಯೇ, ವಿಮೆ ಇದೆಯೇ, ಕ್ಲಬ್ ಲೀಗಿನಿಂದ ಕೆಳಗಿಳಿದರೆ ಏನು, ಒಪ್ಪಂದದ ಒಂದು ಪ್ರತಿ ನಿಮ್ಮ ಕೈಗೆ ಬಂತೇ. ಕ್ಲಬ್ ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡರೆ ಲಿಖಿತ ನೋಟಿಸ್ ಕೊಟ್ಟು, ಕನಿಷ್ಠ 15 ದಿನ ಕಾಲಾವಕಾಶ ಕೊಟ್ಟು, ಆಗಲೂ ಪಾವತಿಯಾಗದಿದ್ದರೆ ಒಪ್ಪಂದ ಮುರಿಯಲು ಫಿಫಾ ನಿಯಮವೇ ಆಟಗಾರನಿಗೆ ಹಕ್ಕು ಕೊಟ್ಟಿದೆ. ಭಾರತದಲ್ಲಿ ಆಟಗಾರರ ಸಂಘವೂ ಇದೆ, ಸೇರಿಕೊಳ್ಳಿ. 2025ರಲ್ಲಿ ಲೀಗ್ ನಡೆಸುವ ಹಕ್ಕುಗಳ ಒಪ್ಪಂದದ ಗೊಂದಲದಿಂದ ಐಎಸ್‌ಎಲ್ ಸೀಸನ್ನೇ ತಡೆಹಿಡಿದಾಗ ದೇಶದ ಅತಿ ದೊಡ್ಡ ಆಟಗಾರರೂ ಮುಂದೇನು ಅಂತ ತಿಳಿಯದೆ ಕಾಯಬೇಕಾಯಿತು. ಹುಡುಗ ಎಷ್ಟೇ ಚೆನ್ನಾಗಿ ಆಡಲಿ, ಪಿಯುಸಿ, ಡಿಗ್ರಿ ಮುಗಿಸಲಿ. ಈ ಮಾತನ್ನು ನಾನು ಪ್ರತಿಯೊಂದು ಮನೆಗೂ ಹೋಗಿ ಹೇಳುತ್ತೇನೆ.

10. ಓಡಲು ಬಾರದವನನ್ನು ಹಿಂದೆ ನಿಲ್ಲಿಸಬೇಡಿ

ಇದು ಕೋಚ್‌ಗಳಿಗೆ, ಶಾಲೆಯ ಪಿಟಿ ಮೇಷ್ಟ್ರುಗಳಿಗೆ. ಬೆಂಗಳೂರು ಫುಟ್‌ಬಾಲ್ ಅಂದಕೂಡಲೇ ನಾಲಿಗೆಗೆ ಬರುವ ಹೆಸರು ನೋಡಿ: ಅಹಮದ್ ಖಾನ್, ರಾಮನ್, ಅರುಮೈನಾಯಗಂ, ಉಲಗನಾಥನ್, ಬಾಬು ಮಣಿ, ಕಾರ್ಲ್ಟನ್ ಚಾಪ್ಮನ್. ಎಲ್ಲರೂ ಫಾರ್ವರ್ಡ್‌ಗಳು, ವಿಂಗರ್‌ಗಳು, ಇಲ್ಲವೇ ಮಧ್ಯದವರು. ನಮ್ಮ ಊರು ಚುರುಕು ಕಾಲಿನವರನ್ನು ಹೆತ್ತಿದೆ, ಪ್ರೀತಿಸಿದೆ. ಡಿಫೆಂಡರ್‌ಗಳನ್ನು ಮಾತ್ರ ನಾವು ಉಳಿದವರಿಂದ ಆರಿಸಿದ್ದೇವೆ. ದಪ್ಪಗಿರುವವನು, ತಡವಾಗಿ ಬಂದವನು, ಮಾತಾಡದವನು ಹಿಂದೆ ಹೋಗು ಅನ್ನಿಸಿಕೊಳ್ಳುತ್ತಾನೆ. ನನ್ನನ್ನೂ ಹಾಗೇ ಕಳಿಸಿದ್ದರು.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಒಂದೇ ಗೋಲಿನ ಅಂತರ. ಅದನ್ನು ಕೊನೆಯ ಸೀಟಿಯವರೆಗೆ ಕಾಯಬೇಕಾದವರು ಹಿಂದಿನವರು. ಅಂಥ ಕೆಲಸಕ್ಕೆ ಆಟವನ್ನು ಎಲ್ಲರಿಗಿಂತ ಮೊದಲು ಓದುವವನು ಬೇಕು, ಹೆದರದೆ ಮಾತಾಡುವವನು ಬೇಕು, ಎರಡೂ ಕಾಲು ಇರುವವನು ಬೇಕು. ಮುಂದಿನ ಪ್ರಾಕ್ಟೀಸಿನಲ್ಲಿ ನಿಮ್ಮ ತಂಡದ ಅತ್ಯಂತ ಬುದ್ಧಿವಂತ ಹುಡುಗನನ್ನು ಕರೆದು ಸ್ಟಾಪರ್ ಜಾಗದಲ್ಲಿ ನಿಲ್ಲಿಸಿ. ಅವನ ಅಪ್ಪ ಅಮ್ಮ ಬಂದು ನಮ್ಮ ಮಗನನ್ನು ಯಾಕೆ ಹಿಂದೆ ಹಾಕಿದಿರಿ ಅಂತ ಕೇಳಿದರೆ, ಕೂರಿಸಿಕೊಂಡು ಸಮಾಧಾನವಾಗಿ ವಿವರಿಸಿ.